ನಾಡದೋಣಿಯ ಔಟ್‌ಬೋರ್ಡ್ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ದೋಷ ಹುಡುಕುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿ ಕರ್ನಾಟಕ ಕರಾವಳಿಯ ಯಾಂತ್ರೀಕೃತ ಬೋಟುಗಳೆಲ್ಲ ಬಂದರು ಸೇರಿರುವಾಗ, 10 ಎಚ್‌ಪಿ ವರೆಗಿನ ಮೋಟಾರ್ ಕಟ್ಟಿದ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿರುತ್ತದೆ. ಹೀಗಾಗಿ ಸಮುದ್ರ ಅತ್ಯಂತ ಒರಟಾಗಿರುವ, ಗಾಳಿಯಲ್ಲಿ ಸದಾ ತೇವ ತುಂಬಿರುವ ತಿಂಗಳುಗಳಲ್ಲೇ ಈ ಸಣ್ಣ ಇಂಜಿನ್‌ಗಳು ಹೆಚ್ಚು ದುಡಿಯಬೇಕಾಗುತ್ತದೆ. ಗಂಗೊಳ್ಳಿಯಂಥ ಅಳಿವೆಯಲ್ಲಿ ಅಲೆ ಒಡೆಯುವ ಜಾಗವನ್ನು ದಾಟುತ್ತಿರುವಾಗ ಎರಡು ಸಿಲಿಂಡರುಗಳ ಪೈಕಿ ಒಂದು ಸುಮ್ಮನಾದರೆ, ದೋಣಿ ಅಲೆಗೆ ಅಡ್ಡ ತಿರುಗಲು ಕೆಲವೇ ಕ್ಷಣಗಳು ಸಾಕು. ಆದ್ದರಿಂದ ದಡದಲ್ಲಿರುವಾಗ ಕಾಣಿಸಿಕೊಂಡ ಸಣ್ಣ ಮಿಸ್ಸಿಂಗನ್ನು, ಅಂದರೆ ಸಿಲಿಂಡರಿನಲ್ಲಿ ಇಂಧನ ಆಗಾಗ ಉರಿಯದೆ ಓಟ ತಪ್ಪುವುದನ್ನು, ‘ನೀರಿಗಿಳಿದರೆ ಸರಿಹೋಗುತ್ತದೆ’ ಎಂದು ಬಿಟ್ಟುಬಿಡಬಾರದು.

ಇಲ್ಲಿ ವಿವರಿಸಿರುವ ಕ್ರಮವು ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ, ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ, ಕಾರ್ಬ್ಯುರೇಟರ್ ಇರುವ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್ನಿಗೆ ಸಂಬಂಧಿಸಿದ್ದು. ಬರೀ ಪೆಟ್ರೋಲಿನ ಇಂಜಿನ್ನಿಗೂ ಇದರ ಬಹುಭಾಗ ಅನ್ವಯಿಸುತ್ತದೆ. ಮಿಸ್ಸಿಂಗ್ ಎಂದೊಡನೆ ಬಂದರಿನಲ್ಲಿ ಕೇಳಿಬರುವ ಮೊದಲ ಮಾತು ‘ಸಿಡಿಐ ಹೋಗಿದೆ’ ಎಂಬುದು. ಪ್ಲಗ್ಗಿನ ಕಿಡಿಗೆ ಬೇಕಾದ ವಿದ್ಯುತ್ತನ್ನು ಸರಿಯಾದ ಕ್ಷಣಕ್ಕೆ ಬಿಡುವ ಈ ಸಿಡಿಐ ಪೆಟ್ಟಿಗೆ ದುಬಾರಿ, ಮುಚ್ಚಿದ ವಸ್ತು, ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ. ಬಹುಶಃ ಅದಕ್ಕೇ ಎಲ್ಲ ಅಪವಾದವೂ ಅದರ ತಲೆಗೇ ಬರುತ್ತದೆ. ಆದರೆ ಉಪ್ಪುನೀರಿನಲ್ಲಿ ದುಡಿಯುವ ಇಂಜಿನ್ನಿನ ಮಿಸ್ಸಿಂಗಿಗೆ ಇಂಧನದಲ್ಲಿ ಸೇರಿದ ನೀರು, ಕಪ್ಪಾದ ಪ್ಲಗ್, ಕಿಲುಬು ಹಿಡಿದ ಅರ್ತ್ (ಇಂಜಿನ್ನಿನ ಮೈಗೆ ವಿದ್ಯುತ್ ಮರಳುವ ಜೋಡಣೆ) ಮತ್ತು ಗಾಳಿ ಎಳೆಯುವ ಪೈಪುಗಳೇ ಕಾರಣವಾಗುವ ಸಾಧ್ಯತೆ ಹೆಚ್ಚು. ಇವನ್ನು ಪರೀಕ್ಷಿಸಲು ಬೇಕಾದದ್ದು ಒಂದು ಪ್ಲಗ್ ಸ್ಪ್ಯಾನರ್, ಒಂದು ಗಾಜಿನ ಬಾಟಲಿ ಮತ್ತು ಒಂದಷ್ಟು ತಾಳ್ಮೆ. ಸಿಡಿಐ ಕೊನೆಗೆ ಅನುಮಾನಿಸಬೇಕಾದ ಭಾಗ.

ಮಿಸ್ಸಿಂಗ್ ಯಾವಾಗ ಬರುತ್ತದೆ?

ಯಾವ ನಟ್ಟನ್ನೂ ಸಡಿಲಿಸುವ ಮೊದಲು ಇಂಜಿನ್ ಯಾವ ವೇಗದಲ್ಲಿ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಭಾರ ಹೊತ್ತಾಗಲೋ ಖಾಲಿ ಓಡುವಾಗಲೋ ಮಿಸ್ಸಿಂಗ್ ಹೊಡೆಯುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಬೇಕು. ನಿಧಾನ ಓಟದಲ್ಲಿ ಮಾತ್ರ ತೊದಲಿ, ರೇಸ್ ಕೊಟ್ಟೊಡನೆ ಸರಿಹೋಗುವ ಇಂಜಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಪೈಲಟ್ ಜೆಟ್ (ನಿಧಾನ ಓಟಕ್ಕೆ ಇಂಧನ ಬಿಡುವ ಕಾರ್ಬ್ಯುರೇಟರಿನ ಸಣ್ಣ ತೂತು) ಮತ್ತು ಪ್ಲಗ್. ನಿಧಾನ ಓಟದಲ್ಲಿ ಚೆನ್ನಾಗಿದ್ದು ಪೂರ್ತಿ ರೇಸಿನಲ್ಲಿ ಉಸಿರುಗಟ್ಟಿದಂತೆ ಆಗುತ್ತಿದ್ದರೆ ಇಂಧನ ಸಾಲುತ್ತಿಲ್ಲ ಅಥವಾ ಹೆಚ್ಚಿನ ವೇಗಕ್ಕೆ ಇಂಧನ ಬಿಡುವ ಮೈನ್ ಜೆಟ್ ಕಟ್ಟಿದೆ ಎಂದು ಶಂಕಿಸಬೇಕು. ಹತ್ತು-ಹದಿನೈದು ನಿಮಿಷ ಸರಿಯಾಗಿ ಓಡಿ, ಬಿಸಿಯಾದ ಮೇಲೆ ಒಂದು ಸಿಲಿಂಡರ್ ಬಿಟ್ಟು, ತಣ್ಣಗಾದ ಮೇಲೆ ಮತ್ತೆ ಸರಿಹೋದರೆ ಆಗ ಮಾತ್ರ ಕಾಯಿಲ್ (ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಸುರುಳಿ) ಅಥವಾ ಸಿಡಿಐ ಕಡೆಗೆ ತಿರುಗುವುದಕ್ಕೆ ಅರ್ಥವಿದೆ. ಅಲ್ಲೂ ಒಂದು ಎಚ್ಚರಿಕೆ: ಟ್ಯಾಂಕಿನ ಗಾಳಿ ಮುಚ್ಚಳ ಬಿಗಿಯಾಗಿದ್ದಾಗಲೂ ಹೀಗೆಯೇ, ಸ್ವಲ್ಪ ಹೊತ್ತು ಓಡಿದ ನಂತರವೇ ತೊಂದರೆ ಶುರುವಾಗುತ್ತದೆ.

ಶಬ್ದಕ್ಕೂ ಕಿವಿಗೊಡಬೇಕು. ಕಾರ್ಬ್ಯುರೇಟರಿನ ಬಾಯಿಯಿಂದ ಸೀನಿದಂತೆ ‘ಫಟ್’ ಎಂಬ ಸದ್ದು ಬಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ, ಗಾಳಿ ಹೆಚ್ಚು ಎಂದರ್ಥ. ಹೊಗೆ ದಟ್ಟವಾಗಿ, ಸದ್ದು ಮಂದವಾಗಿ, ಇಂಜಿನ್ ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿನಲ್ಲಿ ಮಾತ್ರ ಉರಿದಂತೆ ಕೇಳಿದರೆ ಇಂಧನ ಅತಿಯಾಗಿದೆ.

ಪರೀಕ್ಷೆಯ ವೇಳೆ ಕೆಲವು ನಿಯಮಗಳನ್ನು ಮೀರುವಂತಿಲ್ಲ. ನೀರಿಲ್ಲದೆ ಇಂಜಿನ್ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಕೆಲವೇ ಸೆಕೆಂಡುಗಳಲ್ಲಿ ಹಾಳಾಗಬಹುದು. ಆದ್ದರಿಂದ ಡ್ರಮ್ಮಿನಲ್ಲಿ, ವಾಟರ್ ಪಂಪ್ ಮುಳುಗುವಷ್ಟು ನೀರು ತುಂಬಿ, ಪ್ರೊಪೆಲ್ಲರ್ ಬಿಚ್ಚಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಓಡಿಸಬೇಕು. ಮೇಲ್ಮುಚ್ಚಳ ತೆಗೆದಾಗ ತಿರುಗುವ ಫ್ಲೈವೀಲಿನ ಹತ್ತಿರ ಲುಂಗಿಯ ಅಂಚು, ಸಡಿಲ ತೋಳು ಬರದಂತೆ ನೋಡಿಕೊಳ್ಳಬೇಕು. ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಆವಿ ಆರಿದ ಮೇಲೆಯೇ ಸ್ಪಾರ್ಕ್ ಪರೀಕ್ಷೆಗೆ ಕೈಹಾಕಬೇಕು.

ಮೊದಲು ಇಂಧನ

ಟ್ಯಾಂಕಿನ ಅಡಿಯಿಂದ ಸ್ವಲ್ಪ ಇಂಧನವನ್ನು ತಿಳಿಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ನೀರಿದ್ದರೆ ಅದು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ ಅಥವಾ ಮಣಿಗಳಂತೆ ಗಾಜಿಗೆ ಅಂಟಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ನೀರು ಕರಗುವುದಿಲ್ಲವಾದ್ದರಿಂದ ಅಲ್ಲಿ ಗುರುತಿಸುವುದು ಸುಲಭ. ಪೆಟ್ರೋಲಿನ ವಿಷಯ ಹಾಗಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವವನ್ನು ಹೀರಿ ತನ್ನೊಳಗೆ ಇರಿಸಿಕೊಳ್ಳುತ್ತದೆ, ಮತ್ತು ನೀರಿನ ಪ್ರಮಾಣ ಮಿತಿ ಮೀರಿದೊಡನೆ ನೀರಿನೊಂದಿಗೆ ತಾನೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಟೂ-ಸ್ಟ್ರೋಕ್ ಇಂಜಿನ್ನಿಗೆ ಇದರಿಂದ ಆಗುವ ಅಪಾಯ ಮಿಸ್ಸಿಂಗಿಗಿಂತ ದೊಡ್ಡದು: ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿದುಬಿಡುವುದರಿಂದ, ತಳದಿಂದ ಹೀರುವ ಇಂಜಿನ್ನಿಗೆ ಆಯಿಲ್ ಇಲ್ಲದ ದ್ರವ ಹೋಗಿ ಪಿಸ್ಟನ್ ಹಿಡಿದುಕೊಳ್ಳಬಹುದು. ಹೀಗೆ ಬೇರ್ಪಟ್ಟ ಇಂಧನವನ್ನು ಅಲುಗಾಡಿಸಿ ಬಳಸುವ ಪ್ರಯತ್ನ ಬೇಡ. ಅದನ್ನು ಪೂರ್ತಿ ಹೊರತೆಗೆದು, ಟ್ಯಾಂಕನ್ನು ಒಣಗಿಸಿ, ಹೊಸದನ್ನು ತುಂಬುವುದೇ ಸರಿ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ದೋಣಿಯಲ್ಲೇ ವಾರಗಟ್ಟಲೆ ಬಿಡುವ ರೂಢಿ ಈ ತೊಂದರೆಯನ್ನು ಕರೆದು ತರುತ್ತದೆ.

ಆಯಿಲ್ ಬೆರೆಸುವ ಪ್ರಮಾಣದಲ್ಲೂ ಅಂದಾಜು ಕೆಲಸ ಮಾಡುವುದಿಲ್ಲ. 50:1 ಎಂದರೆ ಲೀಟರಿಗೆ 20 ಮಿಲಿ, 25 ಲೀಟರಿನ ಟ್ಯಾಂಕಿಗೆ ಅರ್ಧ ಲೀಟರ್. ಸೀಮೆಎಣ್ಣೆಯಲ್ಲಿ ಓಡಿಸುವಾಗ ಕಂಪನಿಗಳು ಇದಕ್ಕಿಂತ ಹೆಚ್ಚು ಆಯಿಲ್ ಕೇಳುತ್ತವೆ. ಆ ಪ್ರಮಾಣವನ್ನು ಆಯಾ ಇಂಜಿನ್ನಿನ ಕೈಪಿಡಿಯಿಂದಲೇ ತಿಳಿಯಬೇಕು. ‘ಇಂಜಿನ್ನಿಗೆ ಒಳ್ಳೆಯದಾಗಲಿ’ ಎಂದು ಕೈಗೆ ಬಂದಷ್ಟು ಸುರಿದರೆ ಪ್ಲಗ್ ಕಪ್ಪಾಗುವುದೇ ಲಾಭ. ಬೈಕಿನ ಆಯಿಲ್ ಬದಲು ಟಿಸಿ-ಡಬ್ಲ್ಯೂ3 ಗುರುತಿನ, ನೀರಿನಿಂದ ತಂಪಾಗುವ ಔಟ್‌ಬೋರ್ಡುಗಳಿಗೆಂದೇ ತಯಾರಾದ ಆಯಿಲನ್ನು ಬಳಸಬೇಕು.

ಇಂಧನ ಶುದ್ಧವಾಗಿದೆ ಎಂದಾದ ಮೇಲೆ ಅದು ಇಂಜಿನ್ ತಲುಪುತ್ತಿದೆಯೇ ಎಂದು ನೋಡಬೇಕು. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚದಿದ್ದರೆ ಒಳಗೆ ನಿರ್ವಾತ ಉಂಟಾಗಿ, ಪೈಪಿನ ನಡುವಿನ ರಬ್ಬರ್ ಬಲ್ಬ್ ಚಪ್ಪಟೆಯಾಗುತ್ತದೆ. ಮುಚ್ಚಳ ಸಡಿಲಿಸಿದಾಗ ‘ಸುಸ್’ ಎಂದು ಗಾಳಿ ಒಳನುಗ್ಗಿ ಇಂಜಿನ್ ಚೇತರಿಸಿಕೊಂಡರೆ ಕಾರಣ ಅಲ್ಲೇ ಸಿಕ್ಕಿತು. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಬಲ್ಬನ್ನು ಕೆಲವು ಸಲ ಹಿಸುಕಿದಾಗ ಗಟ್ಟಿಯಾಗದಿದ್ದರೆ ಅದರ ವಾಲ್ವ್ ಕೆಟ್ಟಿದೆ, ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಗಾಳಿ ಎಳೆಯುವ ಜಾಗವನ್ನು ಕಣ್ಣಾರೆ ಕಾಣುವ ಉಪಾಯವೊಂದಿದೆ: ಇಂಜಿನ್ನಿನ ಫ್ಯುಯಲ್ ಪಂಪಿಗೆ ಸ್ವಲ್ಪ ಮೊದಲು ಒಂದು ಗೇಣು ಉದ್ದದ, ಇಂಧನಕ್ಕೆ ತಡೆದುಕೊಳ್ಳುವ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಓಡಿಸಬೇಕು. ಇಂಧನ ಕಡ್ಡಿಯಂತೆ ಸಲೀಸಾಗಿ ಸಾಗಬೇಕು. ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಕನೆಕ್ಟರಿನ ಓ-ರಿಂಗ್, ಸಡಿಲವಾದ ಕ್ಲಿಪ್ ಅಥವಾ ಬಿಸಿಲಿಗೆ ಬಿರಿದ ಪೈಪ್ ಎಲ್ಲಿದೆ ಎಂದು ಒಂದೊಂದಾಗಿ ಹಿಮ್ಮುಖವಾಗಿ ಹುಡುಕಬಹುದು. ಇಂಧನ ಹೊರಗೆ ಸೋರುತ್ತಿಲ್ಲ ಎಂಬುದು ಪೈಪ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹೊರಗೆ ಸೋರದ ಬಿರುಕೂ ಒಳಗೆ ಗಾಳಿ ಎಳೆಯಬಲ್ಲದು.

ಇಂಜಿನ್ ಪೂರ್ತಿ ರೇಸಿನಲ್ಲಿ ಮಿಸ್ಸಿಂಗ್ ಹೊಡೆಯುವಾಗ ಜೊತೆಗಿರುವವರೊಬ್ಬರು ಬಲ್ಬನ್ನು ಬಿಟ್ಟುಬಿಟ್ಟು ಹಿಸುಕಬೇಕು. ಅದರಿಂದ ಇಂಜಿನ್ ಚೇತರಿಸಿಕೊಂಡರೆ ಫ್ಯುಯಲ್ ಪಂಪ್ ಬಲಹೀನವಾಗಿದೆ ಅಥವಾ ಫಿಲ್ಟರ್ ಕಟ್ಟಿದೆ. ಈ ಪಂಪಿನ ಡಯಾಫ್ರಾಮನ್ನು (ತೆಳು ಪೊರೆಯನ್ನು), ಪಿಸ್ಟನ್ನಿನ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತವೇ ನಡೆಸುತ್ತದೆ. ಡಯಾಫ್ರಾಮಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಇಂಧನ ನೇರವಾಗಿ ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ ಹೋಗುತ್ತದೆ. ಎಷ್ಟು ಸಲ ಪ್ಲಗ್ ಬದಲಿಸಿದರೂ ಅದೇ ಸಿಲಿಂಡರಿನ ಪ್ಲಗ್ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಈ ಕಾರಣವನ್ನು ನೆನಪಿಸಿಕೊಳ್ಳಬೇಕು. ಅನೇಕರು ಇಲ್ಲೇ ದಾರಿ ತಪ್ಪಿ ಕಾಯಿಲ್ ಬದಲಿಸುತ್ತಾರೆ.

ಪ್ಲಗ್ ಏನು ಹೇಳುತ್ತದೆ?

ಮಿಸ್ಸಿಂಗ್ ಹೊಡೆಯುತ್ತಿರುವ ಸ್ಥಿತಿಯಲ್ಲೇ ಇಂಜಿನನ್ನು ತಟ್ಟನೆ ನಿಲ್ಲಿಸಿ, ಎರಡೂ ಪ್ಲಗ್ ಬಿಚ್ಚಿ, ಮೇಲಿನದು ಯಾವುದು ಕೆಳಗಿನದು ಯಾವುದು ಎಂದು ಗುರುತು ತಪ್ಪದಂತೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಿಧಾನ ಓಟದಲ್ಲಿ ಕೆಲವು ನಿಮಿಷ ಬಿಟ್ಟು ನಿಲ್ಲಿಸಿದರೆ ಪ್ಲಗ್ ಹೇಳುವುದು ನಿಧಾನ ಓಟದ ಕಥೆಯನ್ನೇ ಹೊರತು ಮಿಸ್ಸಿಂಗಿನದನ್ನಲ್ಲ. ಸರಿಯಾಗಿ ಉರಿಯುವ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿ ಭಾಗ ತಿಳಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒದ್ದೆಯಾಗಿ ಕಪ್ಪಾಗಿದ್ದರೆ ಅಲ್ಲಿ ಕಿಡಿ ಹಾರುತ್ತಿಲ್ಲ ಅಥವಾ ಇಂಧನ ಅತಿಯಾಗಿದೆ. ಒಣಗಿ, ಸುಣ್ಣ ಬಳಿದಂತೆ ಬಿಳುಪಾಗಿದ್ದರೆ ಇಂಧನ ಸಾಲುತ್ತಿಲ್ಲ. ಹಾಗೆಯೇ ಓಡಿಸಿದರೆ ಪಿಸ್ಟನ್ ಕರಗುವ ಅಪಾಯವಿದೆ. ಒಂದು ಪ್ಲಗ್ ಮಾಮೂಲಿ ಕಂದು ಬಣ್ಣದಲ್ಲಿದ್ದು ಇನ್ನೊಂದು ಮಾತ್ರ ತೊಳೆದಿಟ್ಟಂತೆ ಥಳಥಳ ಹೊಳೆಯುತ್ತಿದ್ದರೆ ಸಂತೋಷಪಡುವ ಕಾರಣವಿಲ್ಲ. ಆ ಸಿಲಿಂಡರಿಗೆ ಹೆಡ್ ಗ್ಯಾಸ್ಕೆಟ್ ಮೂಲಕ ನೀರು ನುಗ್ಗಿ, ಅದರ ಆವಿಯೇ ಪ್ಲಗ್ಗನ್ನು ತೊಳೆಯುತ್ತಿರುವ ಲಕ್ಷಣ ಅದು.

ಸೀಮೆಎಣ್ಣೆಯ ಇಂಜಿನ್ನಿನಲ್ಲಿ ಪ್ಲಗ್ ಕಪ್ಪಾಗುವುದಕ್ಕೆ ಓಡಿಸುವ ರೀತಿಯೂ ಕಾರಣ. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ಬದಲಿಸುವ ಕಾಕ್ ತಿರುಗಿಸಿದರೆ, ಅಥವಾ ಬಲೆ ಬಿಡುವಾಗ ಎಳೆಯುವಾಗ ಗಂಟೆಗಟ್ಟಲೆ ನಿಧಾನ ಓಟದಲ್ಲಿ ಸೀಮೆಎಣ್ಣೆಯಲ್ಲೇ ಇಟ್ಟರೆ, ಉರಿಯದ ಹನಿಗಳು ಪ್ಲಗ್ಗಿನ ಮೇಲೆ ಮಸಿಯಾಗಿ ಕೂರುತ್ತವೆ. ಕೆಲವೊಮ್ಮೆ ಕೂದಲೆಳೆಯಂಥ ಮಸಿಯ ತುಣುಕು ಎರಡು ಎಲೆಕ್ಟ್ರೋಡುಗಳ ನಡುವೆ ಸೇತುವೆ ಕಟ್ಟಿ ಕಿಡಿಯನ್ನೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಪೆಟ್ರೋಲಿನಲ್ಲಿ ಬಿಸಿಮಾಡಿ ನಂತರ ಸೀಮೆಎಣ್ಣೆಗೆ ಬದಲಿಸುವುದು, ನಿಧಾನ ಓಟದ ಕೆಲಸ ದೀರ್ಘವಾಗಿದ್ದರೆ ಪೆಟ್ರೋಲಿಗೆ ಮರಳುವುದು, ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ಬಂದು ಕಾರ್ಬ್ಯುರೇಟರಿನೊಳಗಿನ ಸೀಮೆಎಣ್ಣೆಯನ್ನು ಮುಗಿಸುವುದು, ಇವಿಷ್ಟನ್ನೂ ರೂಢಿ ಮಾಡಿಕೊಳ್ಳಬೇಕು. ಬರೀ ಪೆಟ್ರೋಲಿಗೆಂದು ತಯಾರಾದ ಇಂಜಿನ್ನಿಗೆ ಸೀಮೆಎಣ್ಣೆ ಹಾಕುವುದು ಬೇರೆಯೇ ತಪ್ಪು: ಸೀಮೆಎಣ್ಣೆಯ ಮಾದರಿಗಳಲ್ಲಿ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಕಡಿಮೆ ಇಟ್ಟಿರುತ್ತಾರೆ, ಪೆಟ್ರೋಲಿನವುಗಳಲ್ಲಿ ಹಾಗಿರುವುದಿಲ್ಲ.

ಹೊಸ ಪ್ಲಗ್ ಕೊಳ್ಳುವಾಗ ಅದರ ಮೇಲಿನ ಸಂಖ್ಯೆಯನ್ನು ಪೂರ್ತಿ ಓದಬೇಕು. ಎನ್‌ಜಿಕೆ ಪ್ಲಗ್ಗುಗಳಲ್ಲಿ ಬಿ7ಎಚ್‌ಎಸ್ ಮತ್ತು ಬಿ8ಎಚ್‌ಎಸ್ ನೋಡಲು ಒಂದೇ ರೀತಿ ಇದ್ದರೂ 7 ಹೆಚ್ಚು ಬಿಸಿಯಾಗಿ ಉಳಿಯುವಂಥದ್ದು, 8 ಬೇಗ ತಣ್ಣಗಾಗುವಂಥದ್ದು. ಕೊನೆಯಲ್ಲಿ ‘-10’ ಇದ್ದರೆ ಗ್ಯಾಪ್ 1.0 ಮಿ.ಮೀ. ಎಂದರ್ಥ. ಮಸಿ ಹಿಡಿಯುತ್ತದೆಂದು ಕೈಪಿಡಿಯನ್ನು ಮೀರಿ ಬಿಸಿ ಪ್ಲಗ್ ಹಾಕಿದರೆ ಮಸಿಯೇನೋ ಹೋಗಬಹುದು, ಆದರೆ ಪೂರ್ತಿ ರೇಸಿನಲ್ಲಿ ಪಿಸ್ಟನ್ನಿನ ತಲೆಗೇ ಕುತ್ತು ಬರುತ್ತದೆ. ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಸುಮಾರು ಅರ್ಧ ಸುತ್ತು ಬಿಗಿದರೆ ಸಾಕು.

ಕಿಡಿಯ ಪರೀಕ್ಷೆ

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಓಡುವ ಇಂಜಿನ್ನಿನ ಪ್ಲಗ್ ಕ್ಯಾಪನ್ನು ಕೈಯಿಂದ ಎಳೆದು ನೋಡುವ ಅಭ್ಯಾಸ ಎಲ್ಲೆಡೆ ಇದೆ. ಒದ್ದೆ ದೋಣಿಯಲ್ಲಿ ನಿಂತು ಹಾಗೆ ಮಾಡುವುದು ಅಪಾಯಕರ. ಜೊತೆಗೆ ಅರ್ತ್ ಸಿಗದ ಹೈ-ಟೆನ್ಷನ್ ವೈರಿನಿಂದ ಕಾಯಿಲಿಗೂ ಸಿಡಿಐಗೂ ಪೆಟ್ಟಾಗಬಹುದು. ಇಂಜಿನ್ ನಿಲ್ಲಿಸಿ, ಒಂದು ಕ್ಯಾಪ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ ಬ್ಲಾಕಿಗೆ ತಂತಿಯಿಂದ ಬಿಗಿದು ಮತ್ತೆ ಚಾಲೂ ಮಾಡಿದರೆ ಅದೇ ಫಲಿತಾಂಶ ಸುರಕ್ಷಿತವಾಗಿ ಸಿಗುತ್ತದೆ. ಯಾವ ಕ್ಯಾಪ್ ತೆಗೆದಾಗ ಓಟದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲವೋ ಆ ಸಿಲಿಂಡರೇ ಸುಮ್ಮನಿರುವುದು.

ಮೆಕ್ಯಾನಿಕ್ ಬಳಿ ಟೈಮಿಂಗ್ ಲೈಟ್ (ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಮಿನುಗುವ ದೀಪ) ಇದ್ದರೆ ಇನ್ನೂ ಒಳ್ಳೆಯದು. ಅದರ ಕ್ಲಿಪ್ಪನ್ನು ಒಂದೊಂದೇ ಪ್ಲಗ್ ವೈರಿಗೆ ಸಿಕ್ಕಿಸಿ ಮಿಸ್ಸಿಂಗ್ ಬರುವ ವೇಗಕ್ಕೆ ಇಂಜಿನ್ ಏರಿಸಿದಾಗ ಮಿನುಗು ತಪ್ಪುತ್ತಿದ್ದರೆ ದೋಷ ವಿದ್ಯುತ್ ಭಾಗದ್ದು. ಮಿನುಗು ಸರಿಯಾಗಿದ್ದೂ ಇಂಜಿನ್ ತೊದಲುತ್ತಿದ್ದರೆ ಪ್ಲಗ್, ಇಂಧನ ಅಥವಾ ಕಂಪ್ರೆಷನ್ ಕಡೆಗೆ ಹೋಗಬೇಕು. ಇಷ್ಟು ಸ್ಪಷ್ಟವಾಗಿ ಎರಡು ದಾರಿಗಳನ್ನು ಬೇರ್ಪಡಿಸುವ ಪರೀಕ್ಷೆ ಇನ್ನೊಂದಿಲ್ಲ. ಹಾಗಿದ್ದರೂ ಇದನ್ನು ಮಾಡಿ ನೋಡುವವರು ಕಡಿಮೆ.

ವಿದ್ಯುತ್ ಭಾಗದ ದೋಷ ಎಂದಾದರೆ ಅಗ್ಗದ ಭಾಗಗಳಿಂದ ಶುರು ಮಾಡಬೇಕು. ಕತ್ತಲಾದ ಮೇಲೆ ಮುಚ್ಚಳ ತೆಗೆದು ಓಡಿಸಿ, ಪ್ಲಗ್ ವೈರುಗಳ ಮೇಲೆ ಸ್ವಲ್ಪ ದೂರದಿಂದ ನೀರಿನ ತುಂತುರು ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುವುದು ಬರಿಗಣ್ಣಿಗೆ ಕಾಣುತ್ತದೆ. ಕ್ಯಾಪ್ ತಿರುಪು ಮಾದರಿಯದಾಗಿದ್ದರೆ ಅದನ್ನು ಬಿಚ್ಚಿ ನೋಡಬೇಕು: ಒಳಗೆ ತಾಮ್ರದ ತಂತಿ ಹಸಿರು ಪುಡಿಯಾಗಿದ್ದರೆ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ, ಹೊಳೆಯುವ ತಂತಿ ಕಂಡ ಮೇಲೆ ಕ್ಯಾಪನ್ನು ಮತ್ತೆ ತಿರುಗಿಸಿ ಕೂರಿಸಬೇಕು. ಕಾಯಿಲ್ ಮತ್ತು ಸಿಡಿಐಯ ಅರ್ತ್ ಬೋಲ್ಟುಗಳನ್ನು ಬಿಚ್ಚಿ, ಉಪ್ಪಿನ ಬಿಳಿ ಹಿಟ್ಟನ್ನು ಉಜ್ಜಿ ತೆಗೆದು ಬಿಗಿಯಬೇಕು. ಬೋಲ್ಟ್ ಬಿಗಿಯಾಗಿದೆ ಎಂದು ಹೊರಗಿನಿಂದ ನೋಡಿ ತೃಪ್ತಿಪಟ್ಟರೆ ಪ್ರಯೋಜನವಿಲ್ಲ, ವಾಷರಿನ ಅಡಿಯಲ್ಲೇ ಕಿಲುಬು ಕೂತಿರುತ್ತದೆ.

ಸ್ಟಾಪ್ ಸ್ವಿಚ್ ಹಲವರು ಮರೆಯುವ ಜಾಗ. ಈ ಸ್ವಿಚ್ಚು ಸಿಡಿಐಯ ಒಂದು ವೈರನ್ನು ಅರ್ತ್‌ಗೆ ತಾಗಿಸಿ ಇಂಜಿನ್ ನಿಲ್ಲಿಸುತ್ತದೆ. ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿದರೆ ಒತ್ತದೆಯೂ ಅಷ್ಟಿಷ್ಟು ಕರೆಂಟ್ ಅರ್ತ್‌ಗೆ ಸೋರಿ ಮಿಸ್ಸಿಂಗ್ ಆಗುತ್ತದೆ. ದಡದಲ್ಲಿ, ಡ್ರಮ್ಮಿನಲ್ಲಿ ಪರೀಕ್ಷಿಸುವಾಗ ಮಾತ್ರ ಆ ವೈರನ್ನು ಬಿಡಿಸಿ ಓಡಿಸಿ ನೋಡಬಹುದು. ಮಿಸ್ಸಿಂಗ್ ಮಾಯವಾದರೆ ಸ್ವಿಚ್ ಬದಲಿಸಬೇಕು. ಈ ಪರೀಕ್ಷೆಯ ವೇಳೆ ಇಂಜಿನ್ ಸ್ವಿಚ್ಚಿನಿಂದ ನಿಲ್ಲುವುದಿಲ್ಲವಾದ್ದರಿಂದ ಚೋಕ್ ಪೂರ್ತಿ ಎಳೆದು ನಿಲ್ಲಿಸಲು ಮೊದಲೇ ಸಿದ್ಧರಿರಬೇಕು. ಸ್ಟಾಪ್ ವೈರ್ ಬಿಡಿಸಿಕೊಂಡೇ ಕಡಲಿಗೆ ಹೋಗುವುದು ಖಂಡಿತ ಸಲ್ಲದು, ಏಕೆಂದರೆ ನೀರಿಗೆ ಬಿದ್ದವನ ಬಳಿ ಪ್ರೊಪೆಲ್ಲರ್ ತಿರುಗದಂತೆ ತಡೆಯುವುದು ಅದೊಂದೇ.

ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಇಂಜಿನ್ನಿನಲ್ಲಿ ಎರಡನ್ನೂ ಅದಲುಬದಲು ಮಾಡಿ ನೋಡಬಹುದು. ಮಿಸ್ಸಿಂಗ್ ಕಾಯಿಲಿನ ಜೊತೆಗೇ ಇನ್ನೊಂದು ಸಿಲಿಂಡರಿಗೆ ಹೋದರೆ ಕಾಯಿಲೇ ಕೆಟ್ಟಿದೆ. ಮಲ್ಟಿಮೀಟರಿನಲ್ಲಿ ಓಮ್ ಅಳೆಯುವುದಾದರೆ ಇಂಜಿನ್ ಬಿಸಿಯಾಗಿರುವಾಗಲೂ ಅಳೆಯಬೇಕು, ಏಕೆಂದರೆ ತಣ್ಣಗಿರುವಾಗ ಸರಿಯಾದ ಅಂಕಿ ತೋರಿಸುವ ಕಾಯಿಲ್ ಬಿಸಿಗೆ ಒಳಗೇ ತುಂಡಾಗಬಹುದು. ಇವೆಲ್ಲ ಮುಗಿದ ಮೇಲೆ ಫ್ಲೈವೀಲಿನ ಅಡಿಯ, ಸಿಡಿಐಗೆ ವಿದ್ಯುತ್ ಕೊಡುವ ಚಾರ್ಜ್ ಕಾಯಿಲ್, ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್, ಕೊನೆಗೆ ಸಿಡಿಐ. ಸಿಡಿಐ ಪರೀಕ್ಷೆಗೆ ಪೀಕ್ ವೋಲ್ಟೇಜ್ ಅಳೆಯುವ ಉಪಕರಣ ಬೇಕು. ಅದಿಲ್ಲದಿದ್ದರೆ ಅದೇ ಮಾದರಿಯ ಪಕ್ಕದ ದೋಣಿಯ ಸಿಡಿಐಯನ್ನು ಹತ್ತು ನಿಮಿಷ ಕೇಳಿ ಪಡೆದು ಹಾಕಿ ನೋಡುವುದೇ ಅಗ್ಗದ ಮಾರ್ಗ. ಪ್ರೊಪೆಲ್ಲರ್ ಬಂಡೆಗೋ ಮರಳ ದಿಬ್ಬಕ್ಕೋ ಜೋರಾಗಿ ಬಡಿದ ನಂತರ ತೊಂದರೆ ಶುರುವಾಗಿದ್ದರೆ ಫ್ಲೈವೀಲನ್ನು ಜಾರದಂತೆ ಹಿಡಿದಿಡುವ ಕೀಲಿ ತುಂಡಾಗಿ ಕಿಡಿಯ ಟೈಮಿಂಗ್ ತಪ್ಪಿರಲೂಬಹುದು. ಹಗ್ಗ ಎಳೆಯುವಾಗ ಇಂಜಿನ್ ಹಿಂದಕ್ಕೆ ಒದೆಯುವುದು ಅದರ ಗುರುತು.

ಕಾರ್ಬ್ಯುರೇಟರ್ ಮತ್ತು ಅದರಾಚೆ

ಮಿಸ್ಸಿಂಗ್ ಇರುವಾಗ ಚೋಕನ್ನು ಸ್ವಲ್ಪ ಎಳೆದು ನೋಡಿದಾಗ ಓಟ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ. ಇಂಧನ ಪೈಪುಗಳ ಪರೀಕ್ಷೆ ಆಗಲೇ ಮುಗಿದಿದ್ದರೆ ಉಳಿದದ್ದು ಜೆಟ್. ಫ್ಲೋಟ್ ಬಟ್ಟಲನ್ನು ಚೆಲ್ಲದೆ ಬಿಚ್ಚಿ, ಒಳಗಿನ ದ್ರವವನ್ನು ಬಿಳಿ ಬಟ್ಟಲಿಗೆ ಸುರಿದು ನೋಡಬೇಕು. ತಳದಲ್ಲಿ ನೀರಿನ ಮಣಿಗಳು, ಅಂಟಾದ ಕಂದು ಪದರ, ಬಿಳಿ ಪುಡಿ ಕಂಡರೆ ಆ ಪುಡಿ ಜೆಟ್ಟಿನೊಳಗೂ ಇರುತ್ತದೆ. ಜೆಟ್ಟುಗಳನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ, ಕಾರ್ಬ್ ಕ್ಲೀನರಿನಲ್ಲಿ ತೊಳೆದು, ಗಾಳಿ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವುದೇ ಎಂದು ನೋಡಬೇಕು. ಸೂಜಿ, ಸೈಕಲ್ ಬ್ರೇಕಿನ ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗಿ, ಮುಂದೆ ಆ ಇಂಜಿನ್ ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದು ಎಷ್ಟು ಸುತ್ತು ಹೊರಗಿದೆ ಎಂದು ಎಣಿಸಿ ಬರೆದಿಡಬೇಕು.

ಗಾಳಿ ಕವರ್ ತೆಗೆದು ಓಡಿಸಿದಾಗ ಕಾರ್ಬ್ಯುರೇಟರಿನ ಬಾಯಿಯಿಂದ ಇಂಧನದ ಮಂಜು ಹೊರಕ್ಕೆ ಉಗುಳಿದಂತೆ ಬರುತ್ತಿದ್ದರೆ ಒಳಹೋದ ಮಿಶ್ರಣ ಹಿಂದಿರುಗದಂತೆ ತಡೆಯುವ ರೀಡ್ ವಾಲ್ವಿನ ಎಲೆ ಮುರಿದಿದೆ ಅಥವಾ ಬಾಗಿದೆ. ಕಂಪ್ರೆಷನ್ ಅಳೆಯಲು ಎರಡೂ ಪ್ಲಗ್ ತೆಗೆದು, ವೈರುಗಳನ್ನು ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ತೂತಿಗೆ ಕೂರಿಸಿದ ಗೇಜಿನ ಮುಳ್ಳು ಇನ್ನು ಏರದು ಎನ್ನುವವರೆಗೆ ಹಗ್ಗ ಎಳೆಯಬೇಕು. ಇಲ್ಲಿ ಮುಖ್ಯವಾದದ್ದು ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅದು ಶೇ 10-15ಕ್ಕಿಂತ ಹೆಚ್ಚಿದ್ದರೆ ರಿಂಗ್, ಪಿಸ್ಟನ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಲು ಇಂಜಿನನ್ನು ವರ್ಕ್‌ಶಾಪಿಗೆ ಒಯ್ಯಲೇಬೇಕು.

ಮಿಸ್ಸಿಂಗ್ ಅಲ್ಲದ್ದೂ ಮಿಸ್ಸಿಂಗಿನಂತೆ ಕೇಳಬಹುದು. ಪ್ರೊಪೆಲ್ಲರಿನ ರಬ್ಬರ್ ಹಬ್ ಜಾರುತ್ತಿದ್ದರೆ ಇಂಜಿನ್ ಏಕಾಏಕಿ ರೇಸ್ ಆಗಿ ದೋಣಿ ಮಾತ್ರ ನಿಂತಲ್ಲೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಇಂಜಿನ್ ಅತಿಯಾಗಿ ಬಿಸಿಯಾದಾಗ ಕಿಡಿಯನ್ನು ಬೇಕೆಂದೇ ತಪ್ಪಿಸಿ ವೇಗ ಇಳಿಸುವ ವ್ಯವಸ್ಥೆ ಇರುತ್ತದೆ. ಪಕ್ಕದ ಸಣ್ಣ ತೂತಿನಿಂದ ಬರುವ ನೀರಿನ ಧಾರೆ ಸಣ್ಣದಾಗಿದ್ದರೆ ಮೊದಲು ಇಂಪೆಲ್ಲರ್ ನೋಡಬೇಕು.

ದುರಸ್ತಿಯಲ್ಲಿ ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಿ ಓಡಿಸಿ ನೋಡಬೇಕು. ಪ್ಲಗ್, ಕಾಯಿಲ್, ಜೆಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ ಹೋಗುತ್ತದೆ. ಡ್ರಮ್ಮಿನಲ್ಲಿ ಸರಿಹೋದ ಇಂಜಿನ್ ಭಾರ ಹೊತ್ತಾಗಲೂ ಸರಿಯಿರುತ್ತದೆ ಎಂದು ಹೇಳಲಾಗದು. ಹಾಗಾಗಿ ಪ್ರೊಪೆಲ್ಲರ್ ಜೋಡಿಸಿ, ಅಳಿವೆಯ ಒಳಗಿನ ಶಾಂತ ನೀರಿನಲ್ಲಿ, ಹುಟ್ಟು ಮತ್ತು ಲಂಗರನ್ನು ಜೊತೆಗಿಟ್ಟುಕೊಂಡು, ಮೊದಲು ಮಿಸ್ಸಿಂಗ್ ಬರುತ್ತಿದ್ದ ವೇಗದಲ್ಲೇ ಕನಿಷ್ಠ ಇಪ್ಪತ್ತು ನಿಮಿಷ ಓಡಿಸಬೇಕು. ಮರಳಿದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪನ್ನು ತೊಳೆದು, ಪೆಟ್ರೋಲ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಖಾಲಿಯಾಗಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಟ್ಟು, ಮುಚ್ಚಳ ಹಾಕುವ ಮೊದಲು ಎರಡೂ ಪ್ಲಗ್ ಬಿಚ್ಚಿ ಬಣ್ಣವನ್ನು ಇನ್ನೊಮ್ಮೆ ನೋಡಬೇಕು.